ತಲೆಕಟ್ಟು

ಗುಂತಕಲ್ಲಿಗೆ ಮೊದಲು ಬಂದದ್ದು ಊರಲ್ಲ, ಕಂಬಿ
ಅನ್ನುತ್ತಾಳೆ ದೊಡ್ಡವ್ವ.
ಕಂಬಿಯ ಹಿಂದೆ ಕಲ್ಲಿದ್ದಲು, ಕಲ್ಲಿದ್ದಲ ಹಿಂದೆ ಸೀಟಿ,
ಸೀಟಿಯ ಹಿಂದೆ ಮದರಾಸಿನ ಗುಮಾಸ್ತರು, ಬಳ್ಳಾರಿಯ ಕೂಲಿಗಳು,
ಹ್ಯಾಟಿನ ಡ್ರೈವರ್ ದೊರೆ, ಅವನ ಪಿಯಾನೊ.
ಆಮೇಲೆ, ಪ್ಲಾಟ್‌ಫಾರ್ಮಿನಲ್ಲಿ ಯಾರೋ ಮರೆತುಹೋದ ಗಂಟಿನ ಹಾಗೆ,
ಊರು.

ನಾನು ಬೋರ್ಡು ಬರೆಯುವವ.
ಸ್ಟೇಷನ್ನಿನ ಹೊರಗೋಡೆಗೆ ಹೊಸ ಚಿತ್ರ ಬಂದಿದೆ, ಎಪ್ಪತ್ತು ಅಡಿ.
ಅಡಿಯಲ್ಲಿ ಊರ ಹೆಸರು ಬರಿ, ಎಂದ ಕಂಟ್ರಾಕ್ಟರ್ ಮದ್ದಿಲೇಟಿ,
ತೆಲುಗು, ಹಿಂದಿ, ಇಂಗ್ಲಿಷು.
ಕನ್ನಡ?
ಜಾಗ ಉಳಿದರೆ ನೋಡು.

ಭಾನುವಾರ ದೊಡ್ಡವ್ವನನ್ನು ಕರೆದುಕೊಂಡು ಹೊರಟೆ.
ಹಂಪವ್ವ. ಎಂಬತ್ತಕ್ಕೆ ಎರಡು ಕಡಿಮೆ,
ಬಲಗೈಗೂ ಎರಡು ಬೆರಳು ಕಡಿಮೆ.
ಕೇಳಿದರೆ, ‘ಎಕ್ಸ್‌ಪ್ರೆಸ್ಸಿಗೆ ಹೋದುವು’ ಅನ್ನುತ್ತಾಳೆ.

ಮೊದಲು ಇನ್‌ಸ್ಟಿಟ್ಯೂಟು. ತೇಗದ ನೆಲ.
ದೊರೆಸಾನಿಗಳು ಅದರ ಮೇಲೆ ಗಿರಗಿರ ತಿರುಗುವಾಗ
ಇವಳು ಕಿಟಕಿಯ ಕೆಳಗೆ, ತಟ್ಟೆ ತೊಳೆಯುವ ಅವ್ವನ ಸೆರಗಿನೊಳಗೆ.
ಈಗ ಮದುವೆಗೆ ಬಾಡಿಗೆ, ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ.
‘ನೆಲ ಸಣ್ಣದಾತಲ್ಲೋ’ ಎಂದಳು.

ಆಮೇಲೆ ಎಂಜಿನ್ ತಿರುಗಿಸುತ್ತಿದ್ದ ದುಂಡನೆ ಗುಂಡಿ.
ಅಷ್ಟು ತೂಕವನ್ನು ನಾಲ್ಕೇ ಮಂದಿ ತಳ್ಳಿ
ಬಳ್ಳಾರಿಗಿದ್ದ ಮುಖವನ್ನು ಗುತ್ತಿಗೆ ಮಾಡುತ್ತಿದ್ದರಂತೆ.
ಅಲ್ಲಿ ಬಳ್ಳಾರಿ ಅಂತ ಉಳಿದಿರುವುದು
ಬಳ್ಳಾರಿ ಜಾಲಿ, ಮೂರು ಮೇಕೆ.

ಆಫೀಸಿನ ಮುಂದೆ ಕಟ್ಟೆಯ ಮೇಲೆ ಎಂಜಿನ್ನು.
ಚಕ್ರದಡಿ ನಾಲ್ಕು ಮಾರು ಕಂಬಿ,
ಎಲ್ಲಿಂದಲೂ ಬಾರದ್ದು, ಎಲ್ಲಿಗೂ ಹೋಗದ್ದು.
ಹಬ್ಬಕ್ಕೆಂದು ಆಗಷ್ಟೇ ಕರಿ ಬಳಿದಿದ್ದರು.
ಕಾವಲಿನ ಖಾಜಾ ‘ಮುಟ್ಟಬೇಡಮ್ಮಾ’ ಅನ್ನುವುದರೊಳಗೆ
ಬೂದಿ ಸುರಿಯುವ ಬಾಯಿಗೆ ಅಂಗೈ ಇಟ್ಟಿದ್ದಳು,
ಜ್ವರದ ಕೂಸಿನ ಹಣೆ ನೋಡುವಂತೆ.
‘ತಣ್ಣಗೈತಿ.’

ಇದರ ಹೊಟ್ಟೆಯಡಿ ನುಗ್ಗಿ ಅರೆಬೆಂದ ಇದ್ದಲು ಆರಿಸುತ್ತಿದ್ದರು
ತಾಯಕ್ಕ, ಬೀಬಿಜಾನ್, ಪೆದ್ದಕ್ಕ, ರೋಸಮ್ಮ, ಇವಳು.
ಬುಟ್ಟಿಗೆ ಎರಡಾಣೆ.
ಅರ್ಧ ಊರಿನ ಒಲೆ ಉರಿದದ್ದು ಅದರಲ್ಲೇ.
ಎಂಜಿನ್ ಕೂಗುವ ಮೊದಲು ಹೊರಬರಬೇಕು.
ಎಲ್ಲರೂ ಬಂದರೇ ಎಂದು
ನಾನು ಕೇಳಲಿಲ್ಲ.

ಗೋಡೆ. ಚಿತ್ರದಲ್ಲಿ ಹೊಗೆ ಚೆಂದ, ತಿಳಿನೀಲಿ.
ಸಾಹೇಬನಿದ್ದಾನೆ, ಹಸಿರು ನಿಶಾನೆಯಿದೆ, ನವಿಲಿದೆ.
‘ಲೋಕೋ ಶೆಡ್ಡಿನಾಗ ನವಿಲು ಯಾವಾಗ ಬಂತೋ?’
ಎಡದಿಂದ ಬಲಕ್ಕೆ ನಡೆದಳು, ಬಲದಿಂದ ಎಡಕ್ಕೆ,
ಎಪ್ಪತ್ತಡಿಯನ್ನೂ, ಬಾಯೊಳಗೇ ಹೆಸರು ಎಣಿಸುತ್ತ.
ಕೊನೆಗೆ ದಣಿದು ಗೋಡೆಗೆ ಕೈಕೊಟ್ಟು ನಿಂತಳು.
ತೆಗೆದಾಗ
ಬಣ್ಣದ ಚಕ್ರದ ಕೆಳಗೆ, ಖಾಲಿ ಹಳದಿಯ ಮೇಲೆ,
ಕರಿ ಅಂಗೈ. ಮೂರು ಬೆರಳು.
ಅಯ್ಯೋ ಎಂದು ಸೆರಗಿನಿಂದ ಒರೆಸಹೋದಳು.
ಇರಲಿ ಬಿಡು ಎಂದೆ.

ಸೋಮವಾರ ಡಬ್ಬಿ, ಕುಂಚ, ದಾರ ಹಿಡಿದು ಕೂತೆ.
ಅವರ ‘ಗ’ಕ್ಕೂ ನಮ್ಮ ‘ಗ’ಕ್ಕೂ ನಡುವೆ ಒಂದೇ ಒಂದು ತಲೆಕಟ್ಟು.
ಅವರದು ಬಾಲ ಎತ್ತಿದ ಅಳಿಲು,
ನಮ್ಮದು ಬುಟ್ಟಿ ಹೊರುವವಳ ನೆತ್ತಿಯ ಸಿಂಬಿ.
ಇಷ್ಟು ವರ್ಷ ಬರೆದೂ ನನಗಿದು ಹೊಳೆದಿರಲಿಲ್ಲ.
ಗುಂತ ಅಂದರೆ ತೆಲುಗಿನಲ್ಲಿ ಗುಂಡಿ,
ಕಲ್ಲು ನಮ್ಮದೇ.

ಮೂರು ಭಾಷೆ ಮುಗಿಸಿ, ನಾಲ್ಕನೆಯದನ್ನು ಕೆಳಗೆ ಬರೆದೆ,
ಕೈಯ ಎಡಕ್ಕೆ ‘ಗುಂತ’, ಬಲಕ್ಕೆ ‘ಕಲ್ಲು’.
ಓದುವವರು ನಡುವೆ ತುಸು ನಿಲ್ಲಬೇಕಾಗುತ್ತದೆ.

ಯಾವನೋ ಕುಡುಕ ಕೈ ಒತ್ತಿದ್ದಾನೆ, ಅಳಿಸು, ಎಂದ ಮದ್ದಿಲೇಟಿ.
ಒಣಗಿದೆ ಎಂದೆ.
ಇನ್ನೂ ದುಡ್ಡು ಕೊಟ್ಟಿಲ್ಲ.