ತಣ್ಣೀರು

ಮ್ಯೂನ್‌ಸ್ಟರ್, ೧೬೪೮

ನೆತ್ತರಾದರೆ ತಣ್ಣೀರು. ಬಿಸಿ ಮುಟ್ಟಿಸಿದೆಯೋ
ನೂಲಿನೊಳಗೆ ಕೂತುಬಿಡುತ್ತದೆ, ಏಳುವುದಿಲ್ಲ.
ದ್ರಾಕ್ಷಾರಸಕ್ಕೆ ಉಪ್ಪು. ಜಿಡ್ಡಿಗೆ ಬೀಚ್ ಮರದ ಬೂದಿ.
ಶಾಯಿಗೆ ಮಾತ್ರ ಏನೂ ಇಲ್ಲ.
ಆಲ್ಹೈಡ್ ಎಂಬ ನನ್ನ ವಿದ್ಯೆ ಇಷ್ಟು.
ನಮ್ಮ ಹೊಳೆಯ ಹೆಸರು ಆ. ಅಷ್ಟೇ.
ಬಾಯಿ ತೆರೆದರೆ ಹೆಸರು ಮುಗಿಯಿತು.

ಐದು ವರ್ಷದಿಂದ ಊರ ತುಂಬ ರಾಯಭಾರಿಗಳು.
ಆರು ತಿಂಗಳು ಬಾಗಿಲಲ್ಲೇ ಕಳೆದರಂತೆ,
ಯಾರ ಕಾಲು ಮೊದಲು ಒಳಗೆ ಎಂದು.
ಅವರ ಅಂಗಿಗಳು ಮಾತ್ರ ನನ್ನ ತೊಟ್ಟಿಗೆ ಒಟ್ಟಿಗೇ ಇಳಿದವು,
ಸ್ಪೇನಿನದು, ಫ್ರಾನ್ಸಿನದು, ಡಚ್ಚರದು, ಒಂದೇ ನೊರೆಯಲ್ಲಿ
ತೋಳಿಗೆ ತೋಳು ತೊಡರಿಸಿಕೊಂಡು.
ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನಾರು ತಿಂಗಳು.

ಮೇ ತಿಂಗಳಲ್ಲಿ ದಕ್ಷಿಣದಿಂದ ಸುದ್ದಿ:
ಹಿಂದೆ ಸರಿಯುತ್ತಿದ್ದ ದಂಡಿನ ಬಾಲವನ್ನು
ಕಾಡಿನ ದಾರಿಯಲ್ಲಿ ಕತ್ತರಿಸಿದರು.
ಮರುದಿನ ಎರಡರ ಬದಲು ನಾಲ್ಕು ಮೇಜುಬಟ್ಟೆ ಬಂದವು.
ಗೆದ್ದವರು ಕುಡಿದಿದ್ದರು, ಸೋತವರೂ.
ಕಲೆ ನೋಡಿದರೆ ಯಾರದು ಯಾವುದೋ ತಿಳಿಯಲಿಲ್ಲ.
ಉಪ್ಪಿನ ಬೆಲೆ ಏರಿತ್ತು.
ನನ್ನ ಲ್ಯೂಡೆಕೆ ಅಲ್ಲಿರಲಿಲ್ಲ.
ಪ್ರಾಗ್ ಕಡೆ ಇದ್ದಾನೆ ಅಂತ ಚಳಿಗಾಲದಲ್ಲಿ
ಒಬ್ಬ ಕುಂಟ ಸಿಪಾಯಿ ಹೇಳಿದ್ದ, ಎರಡು ರೊಟ್ಟಿ ತಿಂದು.
ರೊಟ್ಟಿಗಾಗಿ ಹೇಳಿದನೋ ಏನೋ.

ಅಕ್ಟೋಬರಿನ ಒಂದು ಶನಿವಾರ ರಾತ್ರಿ ತೋಪು ಹಾರಿತು.
ತೊಟ್ಟಿಯ ಹಿಂದೆ ಬೋರಲು ಬಿದ್ದೆ. ಬೀದಿಯೇ ಬಿತ್ತು.
ಪಕ್ಕದ ಎಂಗೆಲ್ ಕಿಟಕಿಯಿಂದ ಕೂಗಿದಳು:
ಏಳೇ, ಸಹಿ ಬಿತ್ತಂತೆ, ಇದು ಶಾಂತಿಯ ಸದ್ದು!
ಮೂವತ್ತು ವರ್ಷ ಮೈ ಕಲಿತದ್ದು ಒಂದೇ ಪಾಠ.
ಏಳಲು ಹೊತ್ತಾಯಿತು.

ಸೋಮವಾರ ಒಂದು ಅಂಗಿ ಬಂತು, ತೋಳಿನ ಅಂಚಲ್ಲಿ ಕೆಂಪು.
ಅಭ್ಯಾಸಬಲ. ತಣ್ಣೀರಿಗಿಟ್ಟೆ. ಬಿಡಲಿಲ್ಲ.
ಉಗುರಿನಲ್ಲಿ ಕೆರೆದೆ: ಅರಗು.
ಮುದ್ರೆಯೊತ್ತುವಾಗ ತೊಟ್ಟಿಕ್ಕಿದ್ದು.
ನಕ್ಕೆ, ಒಬ್ಬಳೇ.

ಬಟ್ಟೆ ಒಯ್ಯಲು ಬಂದ ಕಾರಭಾರಿಯನ್ನು ಕೇಳಿದೆ:
ಪ್ರಾಗಿಗೆ ಗೊತ್ತೇ ಸ್ವಾಮಿ, ಮುಗಿಯಿತೆಂದು?
ಅವನು ಬೆರಳು ಮಡಿಸಿದ. ಒಳ್ಳೆ ಕುದುರೆಯಾದರೆ ಏಳು ದಿನ,
ಕೆಸರಿದ್ದರೆ ಒಂಬತ್ತು.
ಹಾಗಾದರೆ ಅಲ್ಲಿ ಇನ್ನೂ, ಎನ್ನಲು ಹೋದೆ.
ಬಾಯಿಂದ ಬಂದದ್ದು ಹೊಳೆಯ ಹೆಸರಷ್ಟೇ.
ಅವನು ಬುಟ್ಟಿ ಎತ್ತಿಕೊಂಡ. ಹಳೆ ಬಾಕಿ ಒಂದೂವರೆ ಥಾಲರ್
ಮುಂದಿನ ವಾರ ಅಂದ.

ಹೊರಗೆ ಸೋನೆ. ಹಗ್ಗದ ಮೇಲಿನದು ಯಾವುದೂ ಒಣಗಿಲ್ಲ.
ದೊಡ್ಡ ಹಂಡೆಯ ತುಂಬ ತಣ್ಣೀರು ತಂದಿಟ್ಟಿದ್ದೇನೆ.
ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ತುಂಬುತ್ತೇನೆ.
ಇವತ್ತಿಗೆ ನಾಲ್ಕು.