ಒಂದನ್ನು ಒತ್ತಿ

ಪೋರ್ಟ್ ಅಗಸ್ಟಾದಿಂದ ವೈಯಾಲಾಕ್ಕೆ
ಬಸ್ಸಿನಲ್ಲಿ ಒಂದು ಗಂಟೆ.
ಕ್ಲೈವ್ ಪೆನ್‌ಹಾಲ್‌ಗೆ ಹಿಡಿದದ್ದು ಆರು ವರ್ಷ.

ತೊಡೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಸರಕಾರದ್ದು.
ಒಳಗೆ ನಿಂತ ಗಡಿಯಾರ, ಬೆಲ್ಟು, ನಲವತ್ತು ಡಾಲರು,
ಈಗ ಯಾವ ಬೀಗಕ್ಕೂ ಸಲ್ಲದ ಒಂದು ಬೀಗದಕೈ.
ಪಕ್ಕದ ಸೀಟಿನ ಮುದುಕಿ ಅದನ್ನೊಮ್ಮೆ ನೋಡಿ
ತನ್ನ ಕೈಚೀಲವನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡಳು.
ಆಮೇಲೆ ಏನನ್ನಿಸಿತೋ, ಒಂದು ಪೆಪ್ಪರ್‌ಮಿಂಟು ಕೊಟ್ಟಳು.

ಕದ್ದದ್ದಾದರೂ ಏನು? ತಾಮ್ರದ ತಂತಿ.
ಉಕ್ಕಿನ ಕಾರ್ಖಾನೆಯ ಹಿಂಬದಿಯಿಂದ, ನಡುರಾತ್ರಿ,
ಅಪ್ಪನದೇ ಟ್ರಕ್ಕಿನಲ್ಲಿ,
ಅಪ್ಪ ಮೂವತ್ತೊಂದು ವರ್ಷ ದುಡಿದ ಕಾರ್ಖಾನೆ ಅದು.
ಗಾಡಿ ಹಿಂದಕ್ಕೆ ತೆಗೆಯುವಾಗ ಕಾವಲುಗಾರನ ಕಾಲು
ಚಕ್ರಕ್ಕೆ ಸಿಕ್ಕಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ.
ಆತ ಈಗಲೂ ಎಡಗಾಲು ಎಳೆಯುತ್ತ
ಇದೇ ಬೀದಿಯಲ್ಲಿ ಬ್ರೆಡ್ಡು ತರಲು ಹೋಗುತ್ತಾನೆ.

ಅಮ್ಮ ಊರಿಗೆ ಹೇಳಿದ್ದೇ ಬೇರೆ:
ಮಗ ನ್ಯೂಜಿಲೆಂಡಿನಲ್ಲಿದ್ದಾನೆ, ಕುರಿಯ ಉಣ್ಣೆ ತೆಗೆಯುವ ಕೆಲಸ.
ಹಾಗಾಗಿ ಅಂಗಳದಲ್ಲಿ ಸ್ವಾಗತದ ಬ್ಯಾನರು,
ಮೂಲೆಯಲ್ಲಿ ಆಕೆಯೇ ಬರೆದ ಒಂದು ಕುರಿ,
ಮೋಡಕ್ಕೆ ಕಾಲು ಬಂದ ಹಾಗೆ.
ಸಾಸೇಜು ಸುಡುವ ಹೊಗೆ. ಬಿಳಿ ಮೇಜುಬಟ್ಟೆಯ ಮೇಲೆ
ಅದಿರಿನ ಕೆಂಪು ಧೂಳು, ಈ ಊರು ಎಲ್ಲರಿಗೂ ಇಡುವ ಕುಂಕುಮ.

ಮೂರನೇ ಮನೆಯ ವಾಂಡಾ ಕೇಳಿದಳು,
"ಹೇಗಿದೆಯಪ್ಪಾ ನ್ಯೂಜಿಲೆಂಡು?"
"ಹಸಿರು."
"ಮತ್ತೆ?"
"ತುಂಬಾ ಹಸಿರು."
"ಕುರಿಗಳು?"
"ಎಣಿಸ್ತಾರೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ,
ದೀಪ ಆರಿಸೋ ಮುಂಚೆ ಇನ್ನೊಂದ್ಸಲ."
ಅಂದವನೇ, ಕುಂಬಳಕಾಯಿ ಕಳ್ಳನ ಹಾಗೆ
ಹೆಗಲು ಮುಟ್ಟಿ ನೋಡಿಕೊಂಡ.

ಆಗ ವರಾಂಡದ ಪಂಜರದಿಂದ ಡಾಟ್,
ಗುಲಾಬಿ ಎದೆ, ಬೂದು ಬೆನ್ನು,
ಗಲಾ ಅನ್ನುವುದು ಅದರ ಜಾತಿಯ ಹೆಸರು,
'ಟೆ' ತಾನೇ ದುಡಿದು ಸೇರಿಸಿಕೊಂಡದ್ದು,
ಯಂತ್ರದ ಹೆಂಗಸಿನ ದನಿಯಲ್ಲಿ, ಒಂದಕ್ಷರ ತಪ್ಪದೆ:
"ಈ ಕರೆ ಸೆರೆಮನೆಯ ಕೈದಿಯೊಬ್ಬರಿಂದ.
ಸ್ವೀಕರಿಸಲು ಒಂದನ್ನು ಒತ್ತಿ.
ನಿರಾಕರಿಸಲು ಎರಡನ್ನು ಒತ್ತಿ."

ಸಾಸೇಜಿನ ಚಟಪಟ ಬಿಟ್ಟರೆ ಸದ್ದಿಲ್ಲ.
ಅಮ್ಮ ಇಕ್ಕಳ ಹಿಡಿದು ನಿಂತೇ ಇದ್ದಳು.
ಎಂಬತ್ತು ದಾಟಿದ ವಾಂಡಾ
ಮೇಜಿಗೆ ತೋರುಬೆರಳೂರಿ "ಒಂದು" ಅಂದಳು.
"ಬೆರಿಲ್, ಈ ಹಕ್ಕಿ ಐದು ವರ್ಷದಿಂದ
ಬೀದಿಗೆಲ್ಲ ಇದನ್ನೇ ಸಾರ್ತಾ ಇದೆ. ಸಾಸ್ ಕೊಡು ಇತ್ತ."

ನಕ್ಕರು. ಕ್ಲೈವ್ ಕೂಡ ನಕ್ಕ.
ಇಲ್ಲಿಗೇ ಮುಗಿದಿದ್ದರೆ ಒಳ್ಳೆಯ ತಮಾಷೆ.

ಡಾಟ್ ಮುಗಿಸಿರಲಿಲ್ಲ.
ಗುಂಡಿ ಒತ್ತಿದ ಸದ್ದು: ಟುಂಯ್.
ಕುರ್ಚಿಯ ಕಾಲು ನೆಲ ಗೀರುವ ಸದ್ದು.
ಆಮೇಲೆ ಕೆಮ್ಮು, ಕುಲುಮೆಯ ಹೊಗೆ ಕುಡಿದ ಎದೆಯ
ತಳದಿಂದ ಬರುವ ಒದ್ದೆ ಕೆಮ್ಮು.
ಆಮೇಲೆ ಪಿಸುಮಾತು:
"ಕೇಳೇ. ಹೊಟ್ಟೆಗೆ ಸರಿಯಾಗಿ ತಿಂತಿದಾನಾ, ಕೇಳು."

ಒಂದು ದಿನವೂ ಫೋನಿಗೆ ಬಾರದ ಅಪ್ಪ.
ಹೋದ ಚಳಿಗಾಲ ಮಣ್ಣಿಗೆ ಸೇರಿದ ಅಪ್ಪ.
ಪ್ರತಿ ಭಾನುವಾರ ಅಮ್ಮನ "ಹಲೋ"ಗೂ
"ಊಟ ಹೇಗಿದೆಯೋ" ಅನ್ನುವುದಕ್ಕೂ ನಡುವೆ
ಒಂದು ಖಾಲಿ ಇರುತ್ತಿತ್ತು.
ಲೈನು ಸರಿಯಿಲ್ಲ ಅಂದುಕೊಂಡಿದ್ದ.

ತಟ್ಟೆ ಹಿಡಿದು ಪಂಜರದ ಪಕ್ಕ ಕುರ್ಚಿ ಎಳೆದುಕೊಂಡ.
"ತಿಂತಿದೀನಿ" ಅಂದ, ಬಾಯಿ ತುಂಬ ಬ್ರೆಡ್ಡು.
ಹಕ್ಕಿ ಕತ್ತು ವಾಲಿಸಿ ನೋಡಿತು, ಏನೂ ಅನ್ನಲಿಲ್ಲ.

ಗೇಟಿನಾಚೆ ಎಡಗಾಲು ಎಳೆಯುವ ಸದ್ದು ಬಂತು.
ನಿಂತಿತು.
ಅಮ್ಮ ಅವನನ್ನು ಕರೆದಿದ್ದಳೋ ಇಲ್ಲವೋ,
ಇಕ್ಕಳ ತಿರುವುತ್ತ ಯಾರ ಕಡೆಗೂ ನೋಡಲಿಲ್ಲ.
ಕ್ಲೈವ್ ತಟ್ಟೆ ಕೆಳಗಿಟ್ಟು ಎದ್ದ.
ಪ್ಯಾಂಟಿಗೆ ಕೈ ಒರೆಸಿಕೊಂಡ,
ಇನ್ನೊಮ್ಮೆ ಒರೆಸಿಕೊಂಡ.