ನಮೂನೆ ಹನ್ನೊಂದು

ವಾರಕ್ಕೆರಡು ದಿನದ ಗುಮಾಸ್ತೆ ನಾನು,
ಮಂಗಳವಾರ, ಗುರುವಾರ.
ಉಳಿದ ದಿನ ಈ ಊರಿಗೆ ಸರ್ಕಾರವಿಲ್ಲ;
ಲೈಸೆನ್ಸಿಲ್ಲದ ನಾಯಿಗಳು ನಿಶ್ಚಿಂತೆಯಿಂದ
ಅಂಚೆಯ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತವೆ.

ಸಾಸ್ಕಾಚೆವಾನಿನ ಭೂಪಟದಲ್ಲಿ ಕಲೀನಾ ಹುಡುಕಬೇಡಿ,
ಮಡಿಕೆ ಬಿದ್ದು ಸವೆದ ಜಾಗವೇ ನಾವು.
ಹೆದ್ದಾರಿಯ ಫಲಕ ಇನ್ನೂ ನೂರ ನಲವತ್ತು ಜನ ಎನ್ನುತ್ತದೆ.
ಅರವತ್ತೊಂದು ಎಂದು ತಿದ್ದಲು ಬಣ್ಣ ತಂದದ್ದುಂಟು;
ಒಣಗುವುದರೊಳಗೆ ಅರವತ್ತಾದರೆ? ಎಂದು
ಡಬ್ಬಿ ಹಾಗೇ ಮುಚ್ಚಿಟ್ಟೆವು.

ಅನುದಾನದ ಅರ್ಜಿ ಬಂತು, ಇಪ್ಪತ್ತಾರು ಪುಟ.
ಹಣ ಯೋಜನೆ ಹಾಕುವುದಕ್ಕೆ ಮಾತ್ರ,
ಹಾಕಿದ್ದನ್ನು ಮಾಡುವುದಕ್ಕೆ ಬೇರೆ ಅರ್ಜಿ, ಬೇರೆ ವರ್ಷ.
ಕೂಸು ಹುಟ್ಟುವ ಮುಂಚೆ ಕುಲಾವಿ,
ಅದೂ ಒಂಬತ್ತು ವರ್ಷದಿಂದ ತೊಟ್ಟಿಲು ತೂಗದ ಊರಿಗೆ.

"ನಿಮ್ಮ ಸಮುದಾಯದ ಕನಸೇನು?
ಇನ್ನೂರೈವತ್ತು ಪದ ಮೀರಬಾರದು."
ಓರೆಸ್ಟ್ ಹ್ಲಾದಿಶನನ್ನು ಕೇಳಿದೆ.
"ಮೊನ್ನೆ ರಾತ್ರಿ ಬಿದ್ದದ್ದು ಒಂದೇ,
ಹಳೇ ಧಾನ್ಯದ ಎಲಿವೇಟರು ರೈಲು ಹತ್ತಿ ಹೋಯಿತು.
ಟಿಕೆಟ್ ತೆಗೆದಿತ್ತು ಕಣೇ, ನಾನೇ ನೋಡಿದೆ. ಬರೆದುಕೋ."
ಎಣಿಸಿದೆ: ಹದಿನಾರು ಪದ.
ಇನ್ನೂರ ಮೂವತ್ತನಾಲ್ಕು ಪದದ ಕನಸು ಇನ್ನೂ ಬಾಕಿ.

"ಸೃಷ್ಟಿಯಾಗುವ ಉದ್ಯೋಗಗಳ ಸಂಖ್ಯೆ?"
ಒಂದೂವರೆ ಎಂದು ಬರೆದೆ.
ಆ ಅರ್ಧ ಯಾರೆಂದು ನನಗೆ ಗೊತ್ತು.

ಕಡೆಗೆ ನಮೂನೆ ಹನ್ನೊಂದು: ಊರಿನ ಪಾಲು.
ಸರ್ಕಾರ ಒಂದು ಡಾಲರ್ ಕೊಟ್ಟರೆ ನೀವೊಂದು ಡಾಲರ್;
ಇಲ್ಲವೇ ಅಷ್ಟೇ ಬೆಲೆಯ ಬಿಟ್ಟಿ ದುಡಿಮೆ,
ಗಂಟೆಗೆ ಇಪ್ಪತ್ತರಂತೆ, ಸಹಿ ಸಮೇತ.
ಊರಿನ ಉಪಕಾರಗಳನ್ನೆಲ್ಲ ಸಾಲಾಗಿ ಕೂರಿಸಿ
ಗಂಟೆ ಕೇಳಿದೆ.
ಪರ್ಲ್ ಜವಾದ್ಸ್ಕಿಯ ಮುನ್ನೂರು ಪೆರೋಗಿ: ಏಳು ಗಂಟೆ.
"ಈರುಳ್ಳಿಗೆ ಅತ್ತದ್ದೂ ಸೇರಿಸು" ಎಂದು ನಕ್ಕು ಸಹಿ ಮಾಡಿದಳು.
ಸ್ಮಶಾನದ ಹುಲ್ಲು ಕತ್ತರಿಸುವ ಅವಳಿ ಅಣ್ಣತಮ್ಮಂದಿರು
ಇಬ್ಬರಿಗೂ ಸೇರಿ ಒಂದೇ ಸಹಿ ಸಾಲದೇ ಎಂದರು.
ಮೈರನ್ ಸವ್ಚುಕ್ ಮಾತ್ರ ಪೆನ್ನು ಮುಟ್ಟಲಿಲ್ಲ.

ಮೈನಸ್ ಮೂವತ್ತರ ರಾತ್ರಿ,
ಎಲ್ಲರ ಕಿಟಕಿ ಕಪ್ಪಾದ ಮೇಲೆ
ಒಬ್ಬನೇ ರಿಂಕಿಗೆ ನೀರು ಹಾಯಿಸುತ್ತಾನೆ,
ಪದರದ ಮೇಲೆ ಪದರ, ಗಾಜಿಗೆ ಗಾಜು ಮೆತ್ತಿದಂತೆ,
ಬೆಳಿಗ್ಗೆ ಐದು ಮಕ್ಕಳು ಸ್ಕೇಟು ಕಟ್ಟಿ ಗೀಚಿ ಹಾಕಲೆಂದು.
ನಲವತ್ತು ರಾತ್ರಿ, ರಾತ್ರಿಗೆರಡು ಗಂಟೆ:
ಸಾವಿರದ ಆರುನೂರು ಎಂದೆ.
ಅವನು ಟೋಪಿ ತೆಗೆದು ಒಳಗೆ ನೋಡಿದ,
ಬೆಲೆಚೀಟಿ ಅಲ್ಲಿರಬಹುದೆಂಬಂತೆ.
"ಇಷ್ಟೇನಾ" ಎನ್ನಲಿಲ್ಲ, "ಇಷ್ಟೊಂದಾ" ಎನ್ನಲೂ ಇಲ್ಲ.
"ಅದಕ್ಕೆ ರೇಟು ಹಾಕಬೇಡ" ಎಂದು ಹೊರಟುಹೋದ.

ಗಡುವು ಶುಕ್ರವಾರ. ಸಾವಿರದ ಆರುನೂರು ಖೋತಾ.
ಅಳಿಸಿದೆ, ಕೂಡಿದೆ,
ಪರ್ಲಳ ಕಣ್ಣೀರಿಗೂ ಒಂದು ಗಂಟೆ ಹಾಕಿ ನೋಡಿದೆ.
ಗುರುವಾರ ಬಾಗಿಲು ತೆರೆದರೆ
ಕಾಗದ ಹಾಕುವ ಸೀಳಿನ ಕೆಳಗೆ ಲಕೋಟೆ, ಹೆಸರಿಲ್ಲ,
ಇಪ್ಪತ್ತರ ಎಂಬತ್ತು ನೋಟು.
ಮೂಗಿಗೆ ಹಿಡಿದೆ: ಡೀಸೆಲ್ಲು.
ರಸೀತಿ ಪುಸ್ತಕ ತೆಗೆದು, ಕೊಟ್ಟವರ ಹೆಸರಿನ ಗೆರೆಯ ಮೇಲೆ ಪೆನ್ನಿಟ್ಟು
ಬಹಳ ಹೊತ್ತು ಕೂತಿದ್ದೆ.

ಮಂಜೂರಾಯಿತು. ಮರುವರ್ಷದ ಫೆಬ್ರವರಿಯಲ್ಲಿ
ರಿಜೈನಾದಿಂದ ಯೋಜನಾತಜ್ಞೆ ಬಂದಳು,
ಗೋಡೆಗೆ ಊರಿನ ನಕ್ಷೆ, ಮೇಜಿನ ತುಂಬ ಅಂಟುಚುಕ್ಕಿ.
"ನಿಮ್ಮ ಬಂಡವಾಳ ಎಲ್ಲಿದೆಯೋ ಅಲ್ಲಿ ಹಸಿರು ಹಚ್ಚಿ."
ಜನ ಕಾಫಿ ಕುಡಿದರು, ಒಬ್ಬರನ್ನೊಬ್ಬರು ನೋಡಿದರು.
ಚುಕ್ಕಿಗಳು ಹಾಳೆ ಬಿಡಲಿಲ್ಲ.
"ಈ ಹೊತ್ತಿನಲ್ಲಿ ಅಲ್ಲೇನು ಬೆಳಕು?" ಎಂದಳು
ಕಿಟಕಿಯತ್ತ ತಿರುಗಿ.
ಕೊಳವೆಯ ಬಾಯಿಂದ ಆವಿ ಏಳುತ್ತಿತ್ತು.
"ಅದಾ? ಅದು ನಮೂನೆಯಲ್ಲಿಲ್ಲ" ಎಂದು ಓರೆಸ್ಟ್
ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದ.